ಅಪ್ಪಚ್ಚಿಯ ವಿಸಿಆರ್, ಬೂಸ್ಟು ಹಿಡಿದ ಕ್ಯಾಸೆಟ್

ಕರೆಂಟಿಗೆ ಹಾಕುವ ಮೊದಲು ಮುಚ್ಚಳ ತೆಗೆದೆ. ಒಳಗೆ ಒಂದು ಕಣಜದ ಗೂಡು, ಎರಡು ಒಣಗಿದ ಹಲ್ಲಿಮೊಟ್ಟೆ, ಮತ್ತೆ ಎಲ್ಲ ಕಡೆ ಮಸಿ. ಇಪ್ಪತ್ತು ವರ್ಷ ಈ ವಿಸಿಆರ್, ಅಂದರೆ ವಿಡಿಯೊ ಕ್ಯಾಸೆಟ್ ಓಡಿಸುವ ಯಂತ್ರ, ನಮ್ಮ ಹಳೇ ಅಡುಗೆಮನೆಯ ಅಟ್ಟದಲ್ಲಿ ಕೂತಿತ್ತು. ಕೆಳಗೆ ಒಲೆ, ಮೇಲೆ ಹೊಗೆ. ಅದರ ಪಕ್ಕದಲ್ಲೇ ಏಳು ಕ್ಯಾಸೆಟ್. ಇನ್ನು ನಾಲ್ಕು ಕ್ಯಾಸೆಟ್ ಚಾವಡಿಯ ಸ್ಟೀಲ್ ಕಪಾಟಿನಲ್ಲಿ, ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಇಟ್ಟದ್ದು.

ಹಾಳಾದದ್ದು ಯಾವುದು ಗೊತ್ತಾ? ಜೋಪಾನ ಮಾಡಿದ್ದೇ. ಅಟ್ಟದವು ಕಪ್ಪಾಗಿದ್ದವು, ಆದರೆ ಒಣಗಿದ್ದವು. ಕಪಾಟಿನ ನಾಲ್ಕಕ್ಕೂ ಬೂಸ್ಟು ಹಿಡಿದಿತ್ತು. ಕಾಸರಗೋಡಿನ ಮಳೆ ವರ್ಷಕ್ಕೆ 3000 ಮಿಲಿಮೀಟರ್ ದಾಟುತ್ತದೆ. ಮುಚ್ಚಿದ ಕಪಾಟಿನೊಳಗೆ ಆ ತೇವ ಒಮ್ಮೆ ಹೊಕ್ಕಿದರೆ ಹೊರಗೆ ಬರುವುದಿಲ್ಲ. ಅಡಿಕೆ, ಅಕ್ಕಿ, ಹುಣಸೆಹಣ್ಣು ಎಲ್ಲವನ್ನೂ ಹೊಗೆಯ ಅಟ್ಟದಲ್ಲಿ ಇಡುತ್ತಿದ್ದ ಹಿರಿಯರ ಲೆಕ್ಕಾಚಾರ ಕ್ಯಾಸೆಟ್ಟಿಗೂ ಸರಿ ಬಂತು.

ನಮ್ಮದು ಬದಿಯಡ್ಕದ ಹತ್ತಿರ, ಗುಡ್ಡೆಯ ಮೇಲಿನ ಮನೆ. ವಿಸಿಆರ್ ಅಪ್ಪಚ್ಚಿಯದ್ದು. ನಮ್ಮ ಕಡೆ ಚಿಕ್ಕಪ್ಪನನ್ನು ಅಪ್ಪಚ್ಚಿ ಎನ್ನುವುದು. ನೆರೆಮನೆಯವರು ದುಬೈಯಿಂದ ಬರುವಾಗ ಎರಡು ತಂದಿದ್ದರು, ಒಂದನ್ನು ಇವರು ಅಡಿಕೆ ದುಡ್ಡಿನಲ್ಲಿ ಕೊಂಡುಕೊಂಡರು. ಆಗ ನನಗೆ ಹತ್ತು ವರ್ಷ.

"ಸಿನಿಮಾ ಎಲ್ಲ ಫೋನಿನಲ್ಲೇ ಉಂಟಲ್ಲ, ಇದೆಲ್ಲ ಎಂತಕೆ?" ಎಂದು ಹೆಂಡತಿ ಕೇಳಿದಳು. ಸಿನಿಮಾ ಉಂಟು, ಸರಿ. ಆದರೆ ನಮ್ಮ ಮನೆಯ ಏಳನೇ ನಂಬರಿನ ಕ್ಯಾಸೆಟ್ ಫೋನಿನಲ್ಲಿ ಇಲ್ಲ. ಅದರಲ್ಲಿ ಪೂರಾ ಸಿನಿಮಾ ಒಂದೂ ಇಲ್ಲ. ಟಿವಿಯಿಂದ ಹಿಡಿದ ಹಾಡುಗಳು ಮಾತ್ರ, ಅಪ್ಪಚ್ಚಿ ಒಂದು ವರ್ಷದುದ್ದಕ್ಕೂ ಒಂದರ ಹಿಂದೆ ಒಂದು ಸೇರಿಸಿದ್ದು. ಕಪಾಟಿನ ನಾಲ್ಕರಲ್ಲಿ ಅದೂ ಒಂದು.

ಮೊದಲು ಪವರ್ ಸಪ್ಲೈ

ಇಷ್ಟು ವರ್ಷ ಸುಮ್ನೆ ಕೂತ ಯಂತ್ರವನ್ನು ಸೀದಾ ಪ್ಲಗ್ಗಿಗೆ ಹಾಕಬಾರದು. ಬ್ರಷ್ ಮತ್ತು ಬ್ಲೋವರ್‌ನಿಂದ ಕಸ ತೆಗೆದು, ಸೀರೀಸ್ ಬೋರ್ಡಿಗೆ ಕೊಟ್ಟೆ. 60 ವ್ಯಾಟಿನ ಹಳೇ ಗಾಜಿನ ಬಲ್ಬು ಸರಣಿಯಲ್ಲಿ. ಒಳಗೆ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿಯುತ್ತದೆ, ಯಂತ್ರ ಉಳಿಯುತ್ತದೆ. ನನ್ನದು ಒಂದು ಕ್ಷಣ ಹೊಳೆದು ಮಂಕಾಯಿತು. ಶಾರ್ಟ್ ಇಲ್ಲ.

ಆಮೇಲೆ ಸೀದಾ 230 ವೋಲ್ಟಿಗೆ ಕೊಟ್ಟರೆ "ಟಿಕ್ ಟಿಕ್ ಟಿಕ್" ಶಬ್ದ. ಡಿಸ್‌ಪ್ಲೇ ಹತ್ತುತ್ತದೆ, ಆರುತ್ತದೆ. ಪವರ್ ಸಪ್ಲೈ ಏಳಲು ನೋಡುತ್ತಿದೆ, ಏಳಲಾಗುತ್ತಿಲ್ಲ. ಈ ಲಕ್ಷಣ ಕಂಡರೆ ಮೊದಲು ಕಂಡೆನ್ಸರ್, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಬಿಡಿಭಾಗ, ನೋಡಬೇಕು. ಎಲೆಕ್ಟ್ರೋಲೈಟಿಕ್ ಕಂಡೆನ್ಸರಿನ ಒಳಗಿನ ದ್ರವ ವರ್ಷ ಹೋದ ಹಾಗೆ ಒಣಗುತ್ತದೆ. ಅದರಲ್ಲೂ ಬಿಸಿಯಾಗುವ ಭಾಗದ ಹತ್ತಿರ ಇರುವ ಸಣ್ಣವು ಬೇಗ ಹೋಗುತ್ತವೆ. ಮನೆಯ ಕರೆಂಟು ಬರುವ ಪ್ರೈಮರಿ ಬದಿಯಲ್ಲಿ ಒಂದು 47 ಮೈಕ್ರೋಫ್ಯಾರಡ್ 50 ವೋಲ್ಟಿನದ್ದು, ಸೆಕೆಂಡರಿಯಲ್ಲಿ 470 ಮತ್ತು 1000 ಮೈಕ್ರೋಫ್ಯಾರಡಿನವು ಸೇರಿ ಒಟ್ಟು ಆರು ಬದಲಿಸಿದೆ. ಎಲ್ಲ 105 ಡಿಗ್ರಿ ಬಿಸಿ ತಾಳುವವು. 85 ಡಿಗ್ರಿಯದ್ದು ನಾಲ್ಕಾಣೆ ಕಮ್ಮಿಗೆ ಸಿಗುತ್ತದೆ, ತೆಗೆದುಕೊಳ್ಳಬೇಡಿ.

ಒಂದು ಎಚ್ಚರಿಕೆ. ಪ್ಲಗ್ ತೆಗೆದ ಮೇಲೂ ದೊಡ್ಡ ಫಿಲ್ಟರ್ ಕಂಡೆನ್ಸರಿನಲ್ಲಿ ಸುಮಾರು 320 ವೋಲ್ಟ್ ಡಿಸಿ ಉಳಿದಿರಬಹುದು. ಮೀಟರ್ ಇಟ್ಟು ನೋಡಿ, ರೆಸಿಸ್ಟರ್ ಮೂಲಕ ಇಳಿಸಿ, ಮತ್ತೊಮ್ಮೆ ಮೀಟರ್ ಇಟ್ಟು ನೋಡಿ. ಕೈ ಹಾಕುವುದು ಅದಾದ ಮೇಲೆ.

ಬೆಸುಗೆ ಮುಗಿಸಿ ಸ್ವಿಚ್ ಒತ್ತಿದಾಗ ಹಸಿರು ಅಂಕಿಗಳು ಬಂದವು. 0:00, ಮಿಟುಕುತ್ತಾ. ಅಪ್ಪಚ್ಚಿ ಕರೆಂಟ್ ಹೋಗಿ ಬಂದಾಗೆಲ್ಲ ಎದ್ದು ಹೋಗಿ ಆ ಗಡಿಯಾರ ಸರಿ ಮಾಡುತ್ತಿದ್ದರು. ನಾನೂ ಮೊದಲು ಅದನ್ನೇ ಮಾಡಿದೆ.

ಬೆಲ್ಟು, ಟಯರು, ರೋಲರು

ಖಾಲಿ ಕ್ಯಾಸೆಟ್ ಹಾಕಿದರೆ ಒಳಗೆ ಎಳೆದುಕೊಂಡಿತು, ನರಳಿತು, ಹೊರಗೆ ಉಗುಳಿತು. ಲೋಡಿಂಗ್ ಬೆಲ್ಟು ಡಾಂಬರಿನಂತೆ ಕರಗಿ ಪುಲ್ಲಿಗೆ ಅಂಟಿತ್ತು. ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಉಜ್ಜಿ ತೆಗೆಯಲು ಅರ್ಧ ಗಂಟೆ ಬೇಕಾಯಿತು. ಬೆರಳಿಗೆ ಹತ್ತಿದ ಕಪ್ಪು ಎರಡು ದಿನ ಹೋಗಲಿಲ್ಲ.

ಹೊಸ ಬೆಲ್ಟಿಗಾಗಿ ಕಾಸರಗೋಡಿನ ಒಂದು ಹಳೇ ರಿಪೇರಿ ಅಂಗಡಿಗೆ ಹೋದೆ. ಅಲ್ಲಿಯವರು ಮೊದಲು ಗಲ್ಫಿನಲ್ಲಿ ಇದೇ ಕೆಲಸ ಮಾಡಿದವರು. ಪುಲ್ಲಿಗಳ ಸುತ್ತ ನೂಲು ಹಾಕಿ ಅಳತೆ ತಂದಿದ್ದೆ. ನೂಲು ನೋಡಿ, ಬಿಸ್ಕೆಟ್ ಡಬ್ಬ ಬಗ್ಗಿಸಿ, ಇಪ್ಪತ್ತು ಬೆಲ್ಟು ಮೇಜಿಗೆ ಸುರಿದರು. "ಇಷ್ಟೇ ಉದ್ದದ್ದು ಬೇಡ, ಒಂದು ಬೆರಳು ಗಿಡ್ಡ ಇರಲಿ. ಬಿಗಿ ಬೇಕಲ್ಲ" ಎಂದರು. ದುಡ್ಡು ತೆಗೆದುಕೊಳ್ಳಲಿಲ್ಲ. "ವಿಸಿಆರ್ ಬೆಲ್ಟು ಕೇಳಿ ಯಾರೂ ಬಾರದೆ ಎಷ್ಟು ವರ್ಷ ಆಯ್ತು ಮಾರಾಯ" ಎಂದು ಚಾಯ ತರಿಸಿದರು. ಜಗತ್ತಿನ ಕೊನೆಯ ವಿಸಿಆರ್ ತಯಾರಕರಾದ ಜಪಾನಿನ ಫುನಾಯ್‌ನವರೂ 2016ರಲ್ಲಿ ಕೈಬಿಟ್ಟರು. ಇನ್ನು ಬಿಡಿಭಾಗ ಅಂದರೆ ಇಂಥ ಡಬ್ಬಗಳೇ.

ಬೆಲ್ಟು ಹಾಕುವಾಗ ಒಂದು ತಪ್ಪು ಮಾಡಿದೆ, ಬರೆದಿಡುತ್ತೇನೆ. ಕೆಳಗಿನ ದೊಡ್ಡ ಹಲ್ಲಿನ ಚಕ್ರ ತೆಗೆದು ಗ್ರೀಸ್ ಬದಲಿಸಿದೆ. ಮತ್ತೆ ಕೂರಿಸುವಾಗ ಒಂದು ಹಲ್ಲು ಆಚೀಚೆ ಆಯಿತು. ಕ್ಯಾಸೆಟ್ ಅರ್ಧ ಲೋಡ್ ಆಗಿ ಸಿಕ್ಕಿಹಾಕಿಕೊಂಡಿತು. ಮೋಟಾರಿನ ಪುಲ್ಲಿಯನ್ನು ಬೆರಳಲ್ಲಿ ಹಿಂದಕ್ಕೆ ತಿರುಗಿಸುತ್ತಾ ಹೊರಗೆ ತೆಗೆದೆ, ಹತ್ತು ನಿಮಿಷ ಹಿಡಿಯಿತು. ಚಕ್ರಗಳಲ್ಲಿ ಸಣ್ಣ ಬಾಣದ ಗುರುತು ಇರುತ್ತದೆ, ಎರಡು ಗುರುತು ಎದುರುಬದುರು ಬರಬೇಕು. ಬಿಚ್ಚುವ ಮೊದಲೇ ಫೋಟೊ ತೆಗೆಯಿರಿ. ಸದ್ಯ, ಅದು ಖಾಲಿ ಕ್ಯಾಸೆಟ್ ಆಗಿತ್ತು.

ಟೇಪನ್ನು ಸುತ್ತಿಕೊಳ್ಳುವ ರೀಲನ್ನು ತಿರುಗಿಸುವ ಐಡ್ಲರ್ ಟಯರ್ ಗಟ್ಟಿಯಾಗಿ ನುಣುಪಾಗಿತ್ತು. ಅದು ಜಾರಿದರೆ ರೀಲು ನಿಲ್ಲುತ್ತದೆ, ಟೇಪು ಮಾತ್ರ ಬರುತ್ತಲೇ ಇರುತ್ತದೆ, ಒಳಗೆಲ್ಲ ಸೇಮಿಗೆಯಂತೆ ಚೆಲ್ಲುತ್ತದೆ. "ಟೇಪು ತಿಂತು" ಎಂದು ನಾವು ಹೇಳುತ್ತಿದ್ದದ್ದು ಇದನ್ನೇ. ಹೊಸ ಟಯರ್ ಎಲ್ಲೂ ಸಿಗಲಿಲ್ಲ. ತೋಟದ ಸ್ಪ್ರಿಂಕ್ಲರ್ ಸಾಮಾನಿನ ಡಬ್ಬದಲ್ಲಿ ಹುಡುಕಿದರೆ ಸರಿಯಾದ ಗಾತ್ರದ ಓ-ರಿಂಗ್ ಸಿಕ್ಕಿತು. ಈಗ ಅದೇ ತಿರುಗುತ್ತಿದೆ. ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರನ್ನು ನಯವಾದ ಮರಳು ಕಾಗದದಲ್ಲಿ ಮೆಲ್ಲಗೆ ಉಜ್ಜಿ, ಸಾಬೂನು ನೀರಿನಲ್ಲಿ ಒರೆಸಿದೆ. ರಬ್ಬರಿಗೆ ಆಲ್ಕೋಹಾಲ್ ಹಾಕಬಾರದು, ಇನ್ನೂ ಬಿರುಸಾಗುತ್ತದೆ.

ಹೆಡ್ ಒರೆಸುವ ವಿಷಯದಲ್ಲಿ ಮಾತ್ರ ಅವಸರ ಬೇಡ. ಓರೆಯಾಗಿ ಕೂತ ಆ ಹೊಳೆಯುವ ಉರುಳೆ 62 ಎಂಎಂ ಅಗಲ. ನಮ್ಮ ದೇಶದ ಟಿವಿಯ ಪಾಲ್ (PAL) ಪದ್ಧತಿಯಲ್ಲಿ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಅಂಚಿನಲ್ಲಿ ಎರಡು ಚಿಕ್ಕ ಫೆರೈಟ್ ತುಣುಕುಗಳಿವೆ, ಸಾಸಿವೆಗಿಂತ ಸಣ್ಣ. ಚಿತ್ರ ಓದುವುದು ಅವೇ. ಕಿವಿಗೆ ಹಾಕುವ ಹತ್ತಿಕಡ್ಡಿ ಬಳಸಿದರೆ ಎಳೆ ಸಿಕ್ಕಿ ತುಣುಕು ಮುರಿಯುತ್ತದೆ. ಒರೆಸಲು ಬಳಸುವ ಮೆತ್ತನೆಯ ಷಾಮಿ ಚರ್ಮವನ್ನು ಆಲ್ಕೋಹಾಲಿನಲ್ಲಿ ಒದ್ದೆ ಮಾಡಿ, ಉರುಳೆಗೆ ಒತ್ತಿ ಹಿಡಿದು, ಚರ್ಮವನ್ನು ಅಲ್ಲಾಡಿಸದೆ ಉರುಳೆಯನ್ನೇ ಕೈಯಲ್ಲಿ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಲೇಬಾರದು. ಮೂರು ಸಲ ಒರೆಸಿದಾಗ ಚರ್ಮ ಬೆಳ್ಳಗೇ ಉಳಿಯಿತು.

ಅಟ್ಟದ ಏಳು

ಮೊದಲು ಹಾಕಿದ್ದು ಮಸಿ ಹಿಡಿದ ಒಂದು ಮಲಯಾಳ ಸಿನಿಮಾ. ಮಣಿಚಿತ್ರತ್ತಾಳ್, 1993ರದ್ದು, ಫಾಸಿಲ್ ನಿರ್ದೇಶನ. ಚಿತ್ರ ಬಂತು! ಮೇಲೆ ಕೆಳಗೆ ಗೆರೆಗಳಿದ್ದವು, ಟ್ರ್ಯಾಕಿಂಗ್ ಗುಂಡಿ ತಿರುಗಿಸಿದಾಗ ನೆಟ್ಟಗಾಯಿತು. ಶೋಭನಾ ಅವರ ಆ ಕಣ್ಣು ನೋಡಿ, ಮೂವತ್ತು ವರ್ಷದ ಹಿಂದೆ ಹೆದರಿದ ಹಾಗೇ ಬೆನ್ನು ತಣ್ಣಗಾಯಿತು. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದೇ ಕತೆಯ ಕನ್ನಡ ಸಿನಿಮಾ ಆಪ್ತಮಿತ್ರ ಬಂದದ್ದು 2004ರಲ್ಲಿ. ಕರ್ನಾಟಕದ ನೆಂಟರು ನಾಗವಲ್ಲಿ ನಾಗವಲ್ಲಿ ಎಂದು ಹೇಳುವಾಗ ನಮಗೆ ಅವಳು ಹನ್ನೊಂದು ವರ್ಷದ ಹಳೇ ಪರಿಚಯ.

ನಮ್ಮ ಕಡೆ ಸಿನಿಮಾ ನೋಡಿದ್ದೇ ಹೀಗೆ. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಪೇಟೆಯಲ್ಲಿ ಮಲಯಾಳ. ಅಡಿಕೆ ಕೊಯ್ಲು ಮುಗಿದ ಮೇಲೆ ಒಂದು ರಾತ್ರಿ ಟಿವಿಯನ್ನು ಅಂಗಳಕ್ಕೆ ತರುತ್ತಿದ್ದೆವು. ಸುತ್ತಲ ಮನೆಯವರು ಚಾಪೆ ತಂದು ಕೂರುತ್ತಿದ್ದರು. ಮೂರು ಸಿನಿಮಾ, ಬೆಳಗಿನವರೆಗೆ: ಒಂದು ಕನ್ನಡ, ಒಂದು ಮಲಯಾಳ, ಒಂದು ಹಿಂದಿ. ಕ್ರಮ ಯಾವುದೆಂಬುದರ ಮೇಲೆ ಜಗಳ. ಮೊದಲನೆಯದಕ್ಕೆ ಎಲ್ಲರೂ ಎಚ್ಚರ, ಮೂರನೆಯದಕ್ಕೆ ಅರ್ಧ ಜನ ನಿದ್ದೆ. ಅಜ್ಜಿಗೆ ಮಲಯಾಳ ಮಾತು ಪೂರಾ ತಿಳಿಯದಿದ್ದರೂ ಅಳುವ ಕಡೆ ಅಳುತ್ತಿದ್ದಳು. ಜನುಮದ ಜೋಡಿ ಬಂದ ವರ್ಷ ಮಾತ್ರ ಜಗಳವಿಲ್ಲ. 1996ರಲ್ಲಿ ನಾಗಾಭರಣ ಮಾಡಿದ ಆ ಸಿನಿಮಾವನ್ನು ನೆರೆಮನೆಯ ಮಲಯಾಳದ ಮಕ್ಕಳೂ ಎರಡು ಸಲ ನೋಡಿದರು, ಮನೋಹರ್ ಹಾಡುಗಳನ್ನು ಅರ್ಥ ಗೊತ್ತಿಲ್ಲದೆ ಹಾಡಿಕೊಂಡು ಶಾಲೆಗೆ ಬಂದರು.

ಏಳರಲ್ಲಿ ಆರು ಚೆನ್ನಾಗಿ ಓಡಿದವು. ಒಂದರ ಕೆಳಗಿನ ಅಂಚು ಮಡಚಿ ಹೋಗಿದೆ. ಅಲ್ಲಿ ಇರುವುದು ಕಂಟ್ರೋಲ್ ಟ್ರ್ಯಾಕ್, ವೇಗ ಹೇಳಿಕೊಡುವ ಗುರುತುಗಳು. ಅದು ಸಿಗದೆ ಯಂತ್ರ ತಡಬಡಾಯಿಸುತ್ತದೆ. ಅದನ್ನು ಬಿಟ್ಟೆ.

ಏಳನೇ ನಂಬರ್

ಬೂಸ್ಟು ಹಿಡಿದ ಕ್ಯಾಸೆಟ್ಟನ್ನು ಒಳ್ಳೆಯ ಯಂತ್ರಕ್ಕೆ ಹಾಕಿದರೆ ಯಂತ್ರಕ್ಕೂ ಹತ್ತುತ್ತದೆ, ಅಲ್ಲಿಂದ ಉಳಿದ ಎಲ್ಲ ಕ್ಯಾಸೆಟ್ಟಿಗೂ. ಹಾಗಾಗಿ ಮೊದಲು ನಾಲ್ಕನ್ನೂ ಗಾಳಿಯಾಡದ ಡಬ್ಬದಲ್ಲಿ, ಸಿಲಿಕಾ ಜೆಲ್ ಜೊತೆ, ಹತ್ತು ದಿನ ಇಟ್ಟೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನಲ್ಲಿಟ್ಟರೆ ಒಂದೇ ದಿನದಲ್ಲಿ ಆಗುತ್ತದೆ ಎಂದು ತಮ್ಮ ಹೇಳಿದ. ಬೇಡ ಎಂದೆ. ಆ ಬಿಸಿಗೆ ಟೇಪು ಸುರುಟುತ್ತದೆ.

ಒಣಗಿದ ಮೇಲೆ ಬೂಸ್ಟು ಹುಡಿಯಾಗುತ್ತದೆ. ಮಾಸ್ಕ್ ಹಾಕಿ, ಜಗಲಿಯಲ್ಲಿ, ಗಾಳಿಗೆ ಬೆನ್ನು ಮಾಡಿ ಕೂತೆ. ಕ್ಯಾಸೆಟ್ಟಿನ ಹಿಂಬದಿಯಲ್ಲಿ ಐದು ಸ್ಕ್ರೂ. ಮುಚ್ಚಳ ಎತ್ತಿದರೆ ಎರಡು ರೀಲು, ಬದಿಯಿಂದ ನೋಡಿದಾಗ ಟೇಪಿನ ಸುರುಳಿಯ ಮೇಲೆ ಪೊರಕೆಕಡ್ಡಿಯ ಕೊನೆಯಷ್ಟು ಸಣ್ಣ ಬಿಳಿ ಹೂವುಗಳು, ನೂರಾರು. ನೋಡಲು ಚಂದ, ಬೆರಳು ತಾಗಿದರೆ ಹೊಗೆಯಂತೆ ಏಳುತ್ತದೆ.

ಶುಚಿ ಮಾಡಲು ಒಂದು ಸಾಧನ ಕಟ್ಟಿದೆ. ಹಲಸಿನ ಹಲಗೆ, ಎರಡು ಗೂಟ, ಒಂದು ಗೂಟಕ್ಕೆ ಹಳೇ ಹೊಲಿಗೆ ಯಂತ್ರದ ಹಿಡಿ. ನಡುವೆ ಬಟ್ಟೆ ಒಣಗಿಸುವ ಎರಡು ಕ್ಲಿಪ್ಪು, ಅವುಗಳ ಬಾಯಲ್ಲಿ ಕನ್ನಡಕ ಒರೆಸುವ ಬಟ್ಟೆ. ಟೇಪು ಒಂದು ರೀಲಿನಿಂದ ಹೊರಟು, ಬಟ್ಟೆಗಳ ನಡುವೆ ಹಾದು, ಇನ್ನೊಂದು ರೀಲಿಗೆ ಸೇರುತ್ತದೆ. ಮೂರು ಗಂಟೆಯ ಇ-180 ಕ್ಯಾಸೆಟ್ಟಿನಲ್ಲಿ ಸುಮಾರು 258 ಮೀಟರ್ ಟೇಪು. ಪ್ರತಿ ಹತ್ತು ಮೀಟರಿಗೆ ಬಟ್ಟೆಯ ಜಾಗ ಬದಲಿಸಿದೆ. ಮೊದಲ ಸಲ ಒಣ ಬಟ್ಟೆ, ಎರಡನೇ ಸಲ ಆಲ್ಕೋಹಾಲ್ ಮುಟ್ಟಿಸಿದ್ದು. ಎರಡು ಸಂಜೆ ಹಿಡಿಯಿತು. ಮಗಳು ಹಿಡಿ ತಿರುಗಿಸಿದಳು, ನಾನು ಬಟ್ಟೆ ಹಿಡಿದೆ.

ಕೊನೆಗೆ ಬರುವಾಗ ಟೇಪಿನ ತುದಿ ರೀಲಿನಿಂದ ಕಿತ್ತು ಬಂತು. ತುದಿಯಲ್ಲಿ ಪಾರದರ್ಶಕ ಲೀಡರ್ ಪಟ್ಟಿ ಇರುತ್ತದೆ. ಅದು ಸುಮ್ನೆ ಹಾಕಿದ್ದಲ್ಲ. ಯಂತ್ರದ ನಡುವೆ ಒಂದು ಪುಟ್ಟ ಇನ್‌ಫ್ರಾರೆಡ್ ದೀಪ ಇದೆ. ಕಪ್ಪು ಟೇಪು ಬೆಳಕನ್ನು ತಡೆಯುತ್ತದೆ, ಲೀಡರ್ ಬಂದಾಗ ಬೆಳಕು ಆಚೆ ಹೋಗಿ ಸೆನ್ಸರಿಗೆ ಬೀಳುತ್ತದೆ, ಆಗ ಯಂತ್ರ ನಿಲ್ಲುತ್ತದೆ. ಲೀಡರ್ ಇಲ್ಲದೆ ರಿವೈಂಡ್ ಮಾಡಿದರೆ ನಿಲ್ಲದೆ ಎಳೆದು ಮತ್ತೆ ಕೀಳುತ್ತದೆ. ಖಾಲಿ ಕ್ಯಾಸೆಟ್ಟಿನ ಲೀಡರ್ ಕತ್ತರಿಸಿ, ಹೆಡ್ಡಿಗೆ ತಾಗದ ಹಿಂಬದಿಗೆ ಸ್ಪ್ಲೈಸಿಂಗ್ ಟೇಪಿನಿಂದ ಸೇರಿಸಿದೆ. ಸಾಮಾನ್ಯ ಸೆಲ್ಲೋಟೇಪು ಇಲ್ಲಿ ಬೇಡ, ಅದರ ಅಂಟು ಬಿಸಿಗೆ ಹರಿದು ಹೆಡ್ಡಿಗೆ ಹತ್ತುತ್ತದೆ.

ಹಾಕಿದೆ. ಪ್ಲೇ ಒತ್ತಿದೆ.

ಮೊದಲು ಚಿತ್ರಮಂಜರಿ, ದೂರದರ್ಶನದ ಕನ್ನಡ ಚಿತ್ರಗೀತೆಗಳ ಕಾರ್ಯಕ್ರಮ. ಚೈತ್ರದ ಪ್ರೇಮಾಂಜಲಿಯ ಹಾಡು, ಹಂಸಲೇಖರ ಆ ತಬಲಾ, ಕೊಳಲು. ಆಮೇಲೆ ಮಲಯಾಳದ ಚಿತ್ರಗೀತಂನ ಎರಡು ಹಾಡು. ಆಮೇಲೆ ಹಿಂದಿಯ ಚಿತ್ರಹಾರ್. ನಾನು ಕಾಯುತ್ತಿದ್ದದ್ದು ಅದರಲ್ಲಿ ಇತ್ತು: ಮಣಿರತ್ನಂ ಅವರ ಬಾಂಬೆ, 1995. ಹರಿಹರನ್ ದನಿ, ಮಳೆ, ಕಪ್ಪು ಕಲ್ಲಿನ ಗೋಡೆ, ಕೆಳಗೆ ಉಕ್ಕುವ ಸಮುದ್ರ. ಬೇಕಲ ಕೋಟೆ. ನಮ್ಮ ಬೇಕಲ. ಕೆಳದಿಯ ನಾಯಕರು 17ನೇ ಶತಮಾನದಲ್ಲಿ ಕಟ್ಟಿಸಿದ್ದು, ನಾವು ಶಾಲೆಯಿಂದ ಬುತ್ತಿ ಕಟ್ಟಿಕೊಂಡು ಹೋದದ್ದು. ಅದೇ ಗೋಡೆಯ ಮೇಲೆ ಅರವಿಂದ ಸ್ವಾಮಿ ನಿಂತು ಹಾಡುತ್ತಿದ್ದಾರೆ, ಮನೀಷಾ ಕೊಯಿರಾಲಾ ಓಡಿ ಬರುತ್ತಿದ್ದಾರೆ. ಇಡೀ ದೇಶ ಈ ಹಾಡು ನೋಡಿತು. ಆ ಜಾಗದಲ್ಲಿ ಬುತ್ತಿ ಉಂಡದ್ದು ನಾವು. ಹನ್ನೊಂದು ವರ್ಷದವನಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಈಗಲೂ ಹೇಳಲಿಕ್ಕೆ ಮಾತು ಸಾಲದು.

ಹಾಡು ಮುಗಿಯಿತು. ಪರದೆ ಪೂರಾ ನೀಲಿ ಆಯಿತು.

ಟೇಪು ಹಾಳಾಯಿತು ಎಂದುಕೊಂಡೆ. ಆದರೆ ಕೌಂಟರ್ ಓಡುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಕನ್ನಡದ ಹಾಡು ಬಂತು. ಆಗ ಹೊಳೆಯಿತು. ಸಿಗ್ನಲ್ ದುರ್ಬಲವಾದಾಗ ಯಂತ್ರವೇ ನೀಲಿ ತೋರಿಸುತ್ತದೆ, ಚುಕ್ಕಿ ಕಾಣಬಾರದೆಂದು. ಮೆನುವಿನಲ್ಲಿ ಬ್ಲೂ ಬ್ಯಾಕ್ ಆಫ್ ಮಾಡಿ ಹಿಂದಕ್ಕೆ ಹೋದೆ.

ನೀಲಿಯ ಜಾಗದಲ್ಲಿ ಚುಕ್ಕಿಗಳ ಸುರಿಮಳೆ. ನಡುವೆ ಒಂದು ಮುಖದ ನೆರಳು ಬರುತ್ತದೆ, ಹೋಗುತ್ತದೆ. ಮತ್ತೆ ಚುಕ್ಕಿ. ಮತ್ತೆ ನೆರಳು, ಈ ಸಲ ಸ್ವಲ್ಪ ಗಟ್ಟಿ. ದಾಟಿ ಹೋಯಿತು. ಹಿಂದಕ್ಕೆ ಬಂತು. ನಿಂತಿತು.

ಅದು ನಾನು. ನಮ್ಮ ಮನೆಯಲ್ಲಿ ಆಂಟೆನಾ ಅಡಿಕೆ ಮರದ ಕಂಬಕ್ಕೆ ಕಟ್ಟಿದ್ದು. ದಕ್ಷಿಣಕ್ಕೆ ತಿರುಗಿಸಿದರೆ ಮಲಯಾಳ, ಉತ್ತರಕ್ಕೆ ಮಂಗಳೂರಿನ ಕಡೆ ತಿರುಗಿಸಿದರೆ ಕನ್ನಡ. ಅಪ್ಪಚ್ಚಿ ಒಳಗೆ ರೆಕಾರ್ಡಿಂಗ್ ನಿಲ್ಲಿಸದೆ ಚಾನೆಲ್ ಬದಲಿಸುವರು, ನಾನು ಅಂಗಳದಲ್ಲಿ ಕಂಬ ತಬ್ಬಿ ತಿರುಗಿಸುವುದು. "ಬಂತಾ?" "ಇಲ್ಲೆ." "ಬಂತಾ?" "ಬಂತು ಬಂತು, ಬಿಡೆಡ (ಬಿಡಬೇಡ)!" ಮಾತು ಯಾವುದೂ ಟೇಪಿನಲ್ಲಿ ಇಲ್ಲ, ವಿಸಿಆರ್ ಕೋಣೆಯ ಶಬ್ದ ಹಿಡಿಯುವುದಿಲ್ಲ. ಆದರೆ ನನ್ನ ಕೈ ತಿರುಗಿಸಿದ್ದು ಇದೆ. ಸ್ವಲ್ಪ ಜಾಸ್ತಿ ತಿರುಗಿಸಿ ಹಿಂದಕ್ಕೆ ತಂದದ್ದು ಕೂಡ ಇದೆ. ನಲವತ್ತು ಸೆಕೆಂಡು. ಟೇಪು ಸೆಕೆಂಡಿಗೆ 2.34 ಸೆಂಟಿಮೀಟರ್ ಓಡುತ್ತದೆ. ಲೆಕ್ಕ ಹಾಕಿದರೆ 94 ಸೆಂಟಿಮೀಟರ್.

ಕಂಪ್ಯೂಟರಿಗೆ ಇಳಿಸುವುದು

ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ, ಹಳದಿ ವೈರು, 720×576, ಸೆಕೆಂಡಿಗೆ 25 ಫ್ರೇಮ್. ಹಾಡುಗಳು ಚೆನ್ನಾಗಿ ಬಂದವು. ಚುಕ್ಕಿ ಬಂದ ಕೂಡಲೇ ಸಾಫ್ಟ್‌ವೇರ್ ನಿಂತುಬಿಡುತ್ತಿತ್ತು. ಚುಕ್ಕಿಯಲ್ಲಿ ಸಿಂಕ್, ಅಂದರೆ ಪ್ರತಿ ಚಿತ್ರ ಎಲ್ಲಿ ಶುರುವಾಗುತ್ತದೆ ಎಂದು ಹೇಳುವ ಗುರುತು, ಇಲ್ಲ, ಹಾಗಾಗಿ ಕಡ್ಡಿಗೆ ಅದು ಚಿತ್ರವೇ ಅಲ್ಲ. ಮೂರು ಸಲ ಪ್ರಯತ್ನಿಸಿದೆ, ಮೂರು ಸಲವೂ ಆ ನಲವತ್ತು ಸೆಕೆಂಡು ಇಲ್ಲದ ಫೈಲು.

"ಅಷ್ಟು ಬಿಡಬಹುದಲ್ಲ" ಎಂದ ತಮ್ಮ. ಬಿಡುವ ಹಾಗಿರಲಿಲ್ಲ. ಬಾಂಬೆ ಹಾಡು ಎಲ್ಲಿ ಬೇಕಾದರೂ ಇದಕ್ಕಿಂತ ಚೆನ್ನಾಗಿ ಸಿಗುತ್ತದೆ.

ಪರಿಹಾರ ಆದದ್ದು ಗೆಳೆಯನ ಮನೆಯ ಹಳೇ ಡಿವಿಡಿ ರೆಕಾರ್ಡರಿನಿಂದ. ವಿಸಿಆರ್‌ನಿಂದ ವೈರು ಅದಕ್ಕೆ, ಅದರಿಂದ ಕಡ್ಡಿಗೆ. ಡಿವಿಡಿ ಹಾಕುವುದೇನೂ ಇಲ್ಲ, ಚಿತ್ರ ಅದರ ಮೂಲಕ ಹಾದು ಹೋದರೆ ಸಾಕು. ಒಳಗೆ ಬಂದದ್ದು ಹೇಗೇ ಇರಲಿ, ಹೊರಗೆ ಕೊಡುವಾಗ ಅದು ತನ್ನದೇ ಸಿಂಕ್ ಹಾಕಿ ಕೊಡುತ್ತದೆ. ಎಲ್ಲ ಡಿವಿಡಿ ರೆಕಾರ್ಡರೂ ಹೀಗೆ ಮಾಡುವುದಿಲ್ಲ, ಈ ಒಂದು ಮಾಡಿತು. ಚುಕ್ಕಿ ಪೂರಾ ಬಂತು. ಹಾಡುಗಳಲ್ಲಿ ಗೆರೆಗಳು ಅಲ್ಲಾಡುವುದೂ ಕಮ್ಮಿಯಾಯಿತು. ಗುಣಮಟ್ಟ ಕಳೆಯದೆ ಉಳಿಸಿದ್ದರಿಂದ ಗಂಟೆಗೆ 30 ಜಿಬಿ ಮೇಲೆ ಹೋಗುತ್ತದೆ, ಹಾರ್ಡ್ ಡಿಸ್ಕ್ ಹೊಸತು ತೆಗೆದುಕೊಂಡೆ. ಚಿತ್ರದ ಕೆಳಗಿನ ಅಂಚಿನಲ್ಲಿ ನಾಲ್ಕೈದು ಗೆರೆ ಸದಾ ಹರಿದಂತೆ ಕಾಣುತ್ತದೆ, ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಬದಲಾಗುವ ಜಾಗ ಅದು. ಅದನ್ನೂ ಕತ್ತರಿಸಲಿಲ್ಲ.

ಅಪ್ಪಚ್ಚಿ ಈಗ ಪುತ್ತೂರಿನಲ್ಲಿ ಮಗನ ಮನೆಯಲ್ಲಿ ಇದ್ದಾರೆ. ಫೈಲು ಕಳಿಸಿ ಫೋನ್ ಮಾಡಿದೆ. "ಅದು ಇನ್ನೂ ಇದ್ದೋ?" ಎಂದರು. ಮಾರನೇ ದಿನ ಅವರೇ ಫೋನ್ ಮಾಡಿದರು. ಹಾಡಿನ ವಿಷಯ ಒಂದೂ ಎತ್ತಲಿಲ್ಲ. "ಆ ಕಂಬದ ಬುಡ ಗೆದ್ದಲು ತಿಂದಿತ್ತು, ನಿನ್ನ ಕೈಯಲ್ಲಿ ತಿರುಗಿಸ್ಲಿಕ್ಕೆ ಬಿಡಬಾರದಿತ್ತು ನಾನು" ಎಂದರು.

ಇನ್ನು ಮೂರು ಕ್ಯಾಸೆಟ್ ಡಬ್ಬದಲ್ಲಿವೆ. ಒಂದರ ಲೇಬಲ್ ಪೂರಾ ಅಳಿಸಿದೆ. ಆದರೆ ಅಂಚಿನ ಪ್ಲಾಸ್ಟಿಕ್ ಕಿವಿ ಮುರಿದಿದೆ, ಅಂದರೆ ಇದರ ಮೇಲೆ ಯಾರೂ ರೆಕಾರ್ಡ್ ಮಾಡಬಾರದೆಂದು ಅಪ್ಪಚ್ಚಿ ಆಗಲೇ ಮುರಿದಿಟ್ಟದ್ದು. ಏನೆಂದು ಅವರಿಗೂ ನೆನಪಿಲ್ಲ. ಈಗ ಹೊರಗೆ ಮಳೆ ಜೋರಾಗಿದೆ, ಡಬ್ಬದ ಸಿಲಿಕಾ ಜೆಲ್ ಎರಡು ದಿನಕ್ಕೇ ಬಣ್ಣ ತಿರುಗುತ್ತಿದೆ. ಡಿಸೆಂಬರಿನ ಒಣ ಗಾಳಿ ಬಂದ ಮೇಲೆ ಬಿಚ್ಚುತ್ತೇನೆ.